ಕೊಳವೆಯೊಳಗಿನ ಕಾಲುಚೀಲ

ನಾರ್ಬರ್ಟ್ ಡ್ರೈಯರ್ ಮೀನು ಹೊಡೆದು ಹದಿನಾಲ್ಕು ವರ್ಷವಾಗಿತ್ತು. ಊರಿನವರು ಇದನ್ನು ಅವನಿಗೆ ಮರೆಯಲು ಬಿಟ್ಟಿರಲಿಲ್ಲ. ಮೀನು ಎಂದರೆ ಗಾಳಕ್ಕೆ ಸಿಗುವ ಚಿಲ್ಲರೆ ಮೀನಲ್ಲ. ವಿನ್ನೆಬಾಗೋ ಕೆರೆಯ ಪೂರ್ವದಡದವರಿಗೆ ಮೀನು ಎಂದರೆ ಸ್ಟರ್ಜನ್ ಒಂದೇ, ಮಿಕ್ಕಿದ್ದೆಲ್ಲ ನಂಚಿಕೊಳ್ಳುವುದಕ್ಕೆ. ಆಳುದ್ದ ಬೆಳೆದು, ಬೆನ್ನ ಮೇಲೆ ಎಲುಬಿನ ಕವಚ ಹೊತ್ತು ತಿರುಗುವ ಆ ಮುದಿ ಪ್ರಾಣಿಯನ್ನು ಹೊಡೆಯುವುದಕ್ಕೆ ವರ್ಷಕ್ಕೆ ಎರಡೇ ವಾರ. ಫೆಬ್ರವರಿಯ ಎರಡನೇ ಶನಿವಾರ ಬೆಳಗ್ಗೆ ಏಳಕ್ಕೆ ಶುರು. ಪ್ರತಿದಿನ ಮಧ್ಯಾಹ್ನ ಒಂದು ಹೊಡೆಯುತ್ತಲೇ ಈಟಿ ಗೋಡೆಗೆ.

ಹದಿನಾಲ್ಕು ವರ್ಷವೂ ಅವನು ಒಂದು ದಿನ ತಪ್ಪಿಸದೆ ಹೋಗಿ ಕೂತಿದ್ದ. ಮನೆಗೆ ಬಂದು, ಬೂಟು ಕಳಚುತ್ತ, ಹೆಂಡತಿಯ ಮುಖ ನೋಡದೆ ಒಂದೇ ಮಾತು ಹೇಳುತ್ತಿದ್ದ: "ಏನೂ ಬರಲಿಲ್ಲ." ರೊಸೆಲ್ಲಾಗೆ ಆ ಎರಡು ಪದ ಕೇಳಿ ಕೇಳಿ ಸಾಕಾಗಿತ್ತು. ಅವನ ಮೇಲೆ ಸಿಟ್ಟಲ್ಲ. ಅದನ್ನು ಹೇಳುವಾಗ ಅವನ ಹೆಗಲು ಇಳಿದುಹೋಗುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಶಾಲೆಯ ಬಸ್ಸು ಓಡಿಸುವ ಗಟ್ಟಿಗಿತ್ತಿ, ಐವತ್ತೇಳು ದಾಟಿದವಳು, ಸುಮ್ಮಸುಮ್ಮನೆ ಕಣ್ಣೀರು ಹಾಕುವ ಪೈಕಿ ಅಲ್ಲ. ಆದರೂ ಆ ಹೆಗಲು ಕಂಡರೆ ಕರುಳು ಚುರುಕ್ ಎನ್ನುತ್ತಿತ್ತು. ಈ ವರ್ಷ ನಾನೂ ಬಂದು ಕೂರುತ್ತೇನೆ, ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಮೇಲು ಎಂದು ಹೊರಟೇಬಿಟ್ಟಳು.

ಹೆಪ್ಪುಗಟ್ಟಿದ ಕೆರೆಯ ಮೇಲೆ ಅವರು ಕೂರುವ ಕತ್ತಲೆಮನೆ ಎಂದರೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ, ಇಬ್ಬರು ಮಂಡಿಗೆ ಮಂಡಿ ತಾಗಿಸಿ ಕೂರುವಷ್ಟು. ಒಳಗೆಲ್ಲ ಕಪ್ಪು ಬಣ್ಣ. ಕಾಲ ಬುಡದಲ್ಲಿ ಮಂಚದಗಲ ಮಂಜುಗಡ್ಡೆ ಕೊಯ್ದು ಮಾಡಿದ ತೂತು. ಬಾಗಿಲು ಹಾಕಿದರೆ ಕೈಗೆ ಕೈ ಕಾಣದು. ಆಗ ಸುತ್ತಲ ಮಂಜುಗಡ್ಡೆಯ ಮೂಲಕ ಇಳಿದ ಬೆಳಕಿಗೆ ಕೆಳಗಿನ ನೀರು ಹಸಿರಾಗಿ ಬೆಳಗತೊಡಗುತ್ತದೆ, ಹದಿನೈದು ಅಡಿ ಆಳದ ತಳ ಕಾಣುತ್ತದೆ. ತಳದಲ್ಲಿ ರೊಸೆಲ್ಲಾಳ ಅಜ್ಜಿಯ ಕಾಲದ ಬಿಳಿ ತಟ್ಟೆಗಳನ್ನು ಸಾಲಾಗಿ ಇಳಿಬಿಟ್ಟಿದ್ದರು. ಮೀನು ಹಾದರೆ ತಟ್ಟೆ ಮರೆಯಾಗುತ್ತದೆ, ಅದೇ ಗುರುತು. ಮೇಲಿಂದ ಕಾಸಿನಗಲ ಬೆಳಕು ಬಿದ್ದರೂ ಸಾಕು, ನೀರು ಕನ್ನಡಿಯಾಗಿ ನಿಮ್ಮ ಮೂತಿಯನ್ನು ನಿಮಗೇ ತೋರಿಸುತ್ತದೆ. ಹಾಗಾಗಿ ಈ ಜನಕ್ಕೆ ಚಳಿಗಿಂತ ದೊಡ್ಡ ವೈರಿ ಬೆಳಕು. ಗೋಡೆಯ ಬುಡಕ್ಕೆ ಹಿಮ ಒತ್ತುತ್ತಾರೆ, ಸಂದುಗೊಂದಿಗೆಲ್ಲ ಚಿಂದಿ ತುರುಕುತ್ತಾರೆ, ಗ್ಯಾಸ್ ಹೀಟರಿನ ಉರಿಗೂ ತಗಡಿನ ಮರೆ ಕಟ್ಟುತ್ತಾರೆ. ಗಾಳಿ ಬರುವ ದಾರಿಯೂ ಬೆಳಕು ಬರುವ ದಾರಿಯೂ ಒಂದೇ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ತುರುಕುವವರಿಗೆ ಏನು ಹೇಳಬೇಕು.

ಎರಡು ವರ್ಷದ ಹಿಂದೆ ದಕ್ಷಿಣದ ದಡದಲ್ಲಿ ಅಪ್ಪ ಮಗ ಇಬ್ಬರು ಹೀಗೇ ಕೂತಲ್ಲೇ ಹೋಗಿದ್ದರು. ಗ್ಯಾಸು ಗಾಳಿಯಿಲ್ಲದೆ ಉರಿದರೆ ಹುಟ್ಟುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಒಡೆದಾಗ ಅವರ ಕಾಫಿ ಇನ್ನೂ ಬೆಚ್ಚಗಿತ್ತಂತೆ. ಆ ಸಾವಿಗೆ ಹೋಗಿ ಬಂದ ದಿನವೇ ರೊಸೆಲ್ಲಾ ಅಂಗಡಿಯಿಂದ ಅಂಗೈಯಗಲದ ಒಂದು ಎಚ್ಚರಿಕೆ ಗಂಟೆ ತಂದಳು. ವಿಷಗಾಳಿ ತುಂಬಿದರೆ ಅದು ಕಿರುಚುತ್ತದೆ. ಅದಕ್ಕೊಂದು ಹಸಿರು ಕಣ್ಣು, ಸದಾ ಮಿಣುಕುವುದು.

"ಆ ಕಣ್ಣು ನೀರಲ್ಲಿ ಕಾಣತ್ತೆ ಕಣೇ," ಎಂದಿದ್ದ ನಾರ್ಬರ್ಟ್. "ಮೀನು ನೋಡಿದ್ರೆ ಏನನ್ಕೊಳ್ಳತ್ತೆ? ಮೇಲೆ ಬೆಕ್ಕು ಕೂತಿದೆ ಅನ್ಕೊಳ್ಳತ್ತೆ."

"ಅದಿಲ್ದೆ ನೀನು ಮಂಜಿನ ಮೇಲೆ ಕಾಲಿಡೋ ಹಾಗಿಲ್ಲ."

"ಆಯ್ತಮ್ಮ, ಇಟ್ಕೋತೀನಿ." ಇಟ್ಟುಕೊಂಡ. ಬಾಗಿಲಿನ ಹೊರಗಡೆ, ಸೂರಿನ ಕೆಳಗೆ ಒಂದು ಮೊಳೆ ಹೊಡೆದು ಅದಕ್ಕೆ ನೇತುಹಾಕಿದ. ಮಾತು ಉಳಿಸಿಕೊಂಡಂತೆಯೂ ಆಯಿತು, ಮೀನು ಹೆದರದಂತೆಯೂ ಆಯಿತು. ರೊಸೆಲ್ಲಾ ಒಂದು ವಾರ ಕೂಗಾಡಿ ಸುಮ್ಮನಾದಳು. ಎಮ್ಮೆಯ ಮೇಲೆ ಮಳೆ ಸುರಿದಂತೆ ಅವನ ಮೇಲೆ ಅವಳ ಮಾತು. ಅವನ ಕತ್ತಲೆಮನೆಗೆ ಚಾವಣಿಯಲ್ಲಿ ಒಂದು ಉಸಿರುಕೊಳವೆ, ಕೆಳಗೆ ನೆಲದ ಬಳಿ ಒಂದು ಕಿಂಡಿ ಇದ್ದವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ಶನಿವಾರ ಇವರು ಹೋಗುವ ಹೊತ್ತಿಗೆ ಇನ್ನೂ ಆರೂವರೆ. ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ. ನೂರು ಹೆಜ್ಜೆಯಾಚೆ ನಾರ್ಬರ್ಟನ ತಮ್ಮ ಲಿಯಾಂಡರನ ಕತ್ತಲೆಮನೆ. ಇದೇ ಹದಿನಾಲ್ಕು ವರ್ಷದಲ್ಲಿ ಅವನು ನಾಲ್ಕು ಮೀನು ಹೊಡೆದಿದ್ದ. ಹೊಡೆದಿದ್ದಕ್ಕಿಂತ ಹೆಚ್ಚಾಗಿ ಹೇಳಿಕೊಂಡಿದ್ದ.

"ಏನತ್ತಿಗೆ, ಈ ಸಲ ನೀವೂ ಬಂದ್ರಾ?" ಕೈಯಲ್ಲಿ ಬ್ರಾಂದಿ ಬೆರೆಸಿದ ಕಾಫಿ ಹಿಡಿದು ಅವನು ಬಂದ. "ಒಳ್ಳೇದಾಯ್ತು. ಅಣ್ಣಂಗೆ ಮೀನು ಹೇಗಿರತ್ತೆ ಅಂತ ಮರೆತೋಗಿದೆ, ಬಂದ್ರೆ ನೀವೇ ತೋರಿಸ್ಬೇಕು."

"ನಿನ್ನ ಬಾಯಿಗೊಂದು ಗಾಳ ಹಾಕಿದ್ರೆ ಊರಿಗೇ ಹಬ್ಬ ಆಗತ್ತೆ," ಎಂದಳು ರೊಸೆಲ್ಲಾ.

ಲಿಯಾಂಡರ್ ನಕ್ಕು ಚಾವಣಿಯ ಕಡೆ ಬೆರಳು ಮಾಡಿದ. "ನಗೋ ಮಾತಲ್ಲ ಅತ್ತಿಗೆ, ಅಲ್ಲಿ ನೋಡಿ. ಕೊಳವೆ ಟೋಪಿ ಗಾಳಿಗೆ ಹಾರೋಗಿದೆ. ಸೂರ್ಯ ಮೇಲೆ ಬಂದ್ರೆ ಸೀದಾ ಒಳಗೆ. ಈ ಗೂಡಲ್ಲಿ ಕೂತು ಅಣ್ಣ ಗಡ್ಡ ಬೋಳಿಸ್ಕೋಬಹುದು, ಮೀನಂತೂ ಹೊಡೆಯಲ್ಲ."

ನಾರ್ಬರ್ಟ್ ಅವನ ಕಡೆ ಬೆನ್ನು ತಿರುಗಿಸಿದ. ಸಲಿಕೆ ತೆಗೆದುಕೊಂಡು ಗೋಡೆಯ ಸುತ್ತ ಹಿಮ ಒತ್ತತೊಡಗಿದ. ಸಿಟ್ಟು ಬಂದಾಗ ಅವನು ಎರಡಾಳಿನ ಕೆಲಸ ಮಾಡುತ್ತಾನೆ. ಮೊಣಕಾಲೆತ್ತರಕ್ಕೆ ಒತ್ತಿದ, ಸಲಿಕೆಯ ಬೆನ್ನಿಂದ ಬಡಿದು ಗಟ್ಟಿ ಮಾಡಿದ. ಕೆಳಗಿನ ಕಿಂಡಿ ಅದರ ಹಿಂದೆ ಮುಚ್ಚಿಹೋಯಿತು. ಅದು ಪ್ರತಿವರ್ಷ ಮುಚ್ಚುವುದೇ; ಮೇಲಿನ ಕೊಳವೆ ಇದೆಯಲ್ಲ.

ಒಳಗೆ ರೊಸೆಲ್ಲಾ ಹೀಟರ್ ಹಚ್ಚಿ, ಸಾಮಾನು ಹೊಂದಿಸುತ್ತಿದ್ದಳು. ಕೊಳವೆಯಿಂದ ಇಳಿದ ಬೂದು ಬೆಳಕು ನೀರಿನ ಮೇಲೆ ಕಾಸಿನ ಹಾಗೆ ತೇಲುತ್ತಿತ್ತು. ಹಾಳಾದವನು ಹೇಳಿದ್ದು ಸುಳ್ಳಲ್ಲ. ಅವಳು ತಲೆಯೆತ್ತಿ ಕೊಳವೆ ನೋಡಿದಳು, ಹೊರಗೆ ಧಪಧಪ ಹಿಮ ಬಡಿಯುವ ಸದ್ದು ಕೇಳಿದಳು. ಚೀಲದಲ್ಲಿ ನಾರ್ಬರ್ಟನ ಇನ್ನೊಂದು ಜೊತೆ ಕಾಲುಚೀಲ ಇತ್ತು, ಅವಳೇ ಹೆಣೆದದ್ದು, ಬೂದು ಉಣ್ಣೆ, ಕೆಂಪು ಹಿಮ್ಮಡಿ. ಬಕೆಟ್ ಬೋರಲು ಹಾಕಿ ಹತ್ತಿ, ಒಂದನ್ನು ಮುದ್ದೆ ಮಾಡಿ ಕೊಳವೆಗೆ ತುರುಕಿದಳು. ಒಂದು ಗಂಟೆ ಮಾತ್ರ. ಮೀನು ಓಡಾಡುವ ಮೊದಲ ಹೊತ್ತು ಕಳೆದ ಮೇಲೆ ತೆಗೆದರಾಯಿತು ಎಂದುಕೊಂಡಳು. ಆ ವಿಷಗಾಳಿಯ ಗಂಟೆ ತಂದವಳೂ ಇವಳೇ, ನೆನಪಿರಲಿ.

ನಾರ್ಬರ್ಟ್ ಒಳಗೆ ಬಂದು ಬಾಗಿಲೆಳೆದುಕೊಂಡ. ಕೂತ. ತೂತಿನ ಮೇಲೆ ಬಗ್ಗಿದ.

"ಅಬ್ಬಬ್ಬ," ಎಂದ ಮೆಲ್ಲಗೆ. "ನೀರು ಇಷ್ಟು ತಿಳಿಯಾಗಿ ನಾನು ನೋಡೇ ಇಲ್ಲ ಕಣೇ. ತಟ್ಟೆ ಅಂಚಿನ ಹೂವು ಕೂಡ ಕಾಣ್ತಿದೆ. ಇವತ್ತು ಏನೋ ಇದೆ."

ಕತ್ತಲಲ್ಲಿ ರೊಸೆಲ್ಲಾ ನಕ್ಕಳು. ಹೇಳಿಬಿಡಲೇ ಎಂದು ಬಾಯಿ ತೆರೆದವಳು ಸುಮ್ಮನಾದಳು. ಹೇಳಿದರೆ ನೀನೇ ಗಂಟೆ ಗಂಟೆ ಅಂತ ಬಡ್ಕೊಂಡವಳು ಎಂದು ಆಡಿಕೊಳ್ಳುತ್ತಾನೆ.

ಮೊದಲ ಗಂಟೆ ಸುಖವಾಗಿತ್ತು. ನಾರ್ಬರ್ಟ್ ತಾನೇ ಕೆತ್ತಿ ಕೆಂಪು ಬಿಳಿ ಬಣ್ಣ ಬಳಿದ ಮರದ ಮೀನನ್ನು ದಾರದಲ್ಲಿ ಇಳಿಬಿಟ್ಟು ಆಡಿಸುತ್ತಿದ್ದ. ಐದು ಹಲ್ಲಿನ ಈಟಿ ಅವನ ಬಲಗೈ ಪಕ್ಕ ಮೊಳೆಗೆ ತೂಗುತ್ತಿತ್ತು. ಬೆಚ್ಚಗಿತ್ತು. ಅವಳು ಜಾಕೆಟಿನ ಗುಂಡಿ ಬಿಚ್ಚಿದಳು. ಕಳೆದ ವಾರ ಚರ್ಚಿನಲ್ಲಿ ಪಾದ್ರಿಗಳು ವರ್ಷವಿಡೀ ಗಂಟಲುಬೇನೆ ಬರದಿರಲೆಂದು ಎರಡು ಮೇಣದಬತ್ತಿ ಅಡ್ಡಡ್ಡ ಹಿಡಿದು ಎಲ್ಲರ ಗಂಟಲು ಹರಸಿದ್ದನ್ನು, ಆಗ ನಾರ್ಬರ್ಟ್ ಸೀನಿದ್ದನ್ನು ನೆನೆದು ಇಬ್ಬರೂ ಬಾಯಿಮುಚ್ಚಿ ನಕ್ಕರು.

ಎಂಟೂವರೆಯ ಹೊತ್ತಿಗೆ ಅವಳಿಗೆ ಹಣೆಯ ಎರಡು ಬದಿ ಮಿಡಿಯತೊಡಗಿತು.

"ತಲೆ ಸಿಡೀತಿದೆ ನಂಗೆ."

"ನಂಗೂ. ಅದು ನೀರುನೋಟದ ತಲೆನೋವು. ಮೊದಲ ದಿನ ಎಲ್ಲರಿಗೂ ಬರತ್ತೆ. ರೆಪ್ಪೆ ಬಡೀತಾ ಇರು."

ಇದೂ ಅಲ್ಲಿನವರ ಮಾತೇ. ಆರು ಗಂಟೆ ಬೆಳಗುವ ನೀರನ್ನೇ ದಿಟ್ಟಿಸಿದರೆ ಯಾರಿಗಾದರೂ ತಲೆ ನೋಯುತ್ತದೆ, ಇವರಪ್ಪನಿಗೂ ನೋಯುತ್ತಿತ್ತು, ಅಜ್ಜನಿಗೂ ನೋಯುತ್ತಿತ್ತು. ಹಾಗಾಗಿ ಕೆರೆಯ ಮೇಲೆ ತಲೆನೋವಿಗೆ ಯಾರೂ ಹೆದರುವುದಿಲ್ಲ. ರೊಸೆಲ್ಲಾ ರೆಪ್ಪೆ ಬಡಿದಳು. ಒಂದು ಗಂಟೆಯಾದ ಮೇಲೆ ಏನೋ ಮಾಡಬೇಕೆಂದಿದ್ದೆನಲ್ಲ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪು ಹತ್ತಿರ ಬಂದು ಜಾರಿತು.

ಒಂಬತ್ತೂವರೆಗೆ ಹೊರಗೆ ಮಂಜಿನ ಮೇಲೆ ನಿಲ್ಲಿಸಿದ್ದ ಗಾಡಿಯಿಂದ ಬ್ರೆಡ್ಡು ಸಾಸೇಜು ತರುತ್ತೇನೆಂದು ಎದ್ದಳು. ಬಾಗಿಲಿನ ಬದಿ ಅವಳದೇ ಆದ್ದರಿಂದ ಬೆಳಕು ಬೀಳದಂತೆ ಬಟ್ಟೆ ಅಡ್ಡ ಹಿಡಿದು ನುಸುಳಿಕೊಂಡಳು. ಹೊರಗೆ ನಾಲ್ಕು ಹೆಜ್ಜೆಗೇ ಕಾಲು ಸೋತವು. ಗಾಡಿಗೆ ಒರಗಿ ನಿಂತು ಉಸಿರೆಳೆದಳು. ಐದು ನಿಮಿಷದಲ್ಲಿ ತಲೆ ಹಗುರವಾಯಿತು. ಚಳಿಗಾಳಿ ಬಡಿದರೆ ಹೀಗೇ, ಹಿತ ಎಂದುಕೊಂಡಳು. ಅಯ್ಯೋ ದೇವರೇ, ನಿಜಕ್ಕೆ ಅಷ್ಟು ಹತ್ತಿರ ಬಂದಿದ್ದಳು. ಸೂರಿನ ಕೆಳಗೆ ಗಂಟೆ ತನ್ನ ಪಾಡಿಗೆ ತೂಗುತ್ತಿತ್ತು, ಹಸಿರು ಕಣ್ಣು ಚಳಿಗೆ ಸತ್ತಿತ್ತು. ಅವಳು ಅದನ್ನು ದಾಟಿಕೊಂಡೇ ಒಳಗೆ ಹೋದಳು.

ನಾರ್ಬರ್ಟ್ ಬ್ರೆಡ್ಡು ಬೇಡವೆಂದ. ಹೊಟ್ಟೆ ತೊಳಸುತ್ತಿದೆ, ರಾತ್ರಿಯ ಬ್ರಾಂದಿ ಇರಬೇಕು ಎಂದ. ಅವನ ಮಾತು ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು.

"ಸ್ವಲ್ಪ ಹೊರಗೆ ಹೋಗಿ ಬಾರೋ ಮಾರಾಯ. ನಂಗೆ ಹಗುರಾಯ್ತು."

"ನಾನು ಹೋದಾಗ್ಲೇ ಬರತ್ತೆ ಅದು. ನಂಗೊತ್ತು." ಸ್ವಲ್ಪ ತಡೆದು, "ಲಿಯಾಂಡರನ ಮುಂದೆ ಇನ್ನೊಂದು ವರ್ಷ ನಂಗಾಗಲ್ಲ ರೊಸೆಲ್ಲಾ," ಎಂದ. ಅವನು ಅಂಥ ಮಾತಾಡಿದ್ದನ್ನು ಅವಳು ಮೂವತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. ಅವನ ಮಂಡಿಯ ಮೇಲೆ ಕೈಯಿಟ್ಟಳು. ಹಾಗೇ ಕೂತರು.

ಎಷ್ಟು ಹೊತ್ತಾಯಿತೋ. ಮಿಡಿತ ಮತ್ತೆ ಬಂತು, ಈ ಸಲ ಕತ್ತಿನವರೆಗೂ. ಎಲ್ಲವೂ ದೂರ, ಎಲ್ಲವೂ ಹಿತ. ಮರದ ಮೀನು ಆಡುವುದು ನಿಂತಿದ್ದನ್ನು ಅವಳು ನೋಡಿದಳು. ಯಾಕೆ ನಿಂತಿತು ಎಂದು ಕೇಳಬೇಕೆನಿಸಲಿಲ್ಲ.

ಆಗ ಮೊದಲನೆಯ ತಟ್ಟೆ ಮರೆಯಾಯಿತು.

ಆಮೇಲೆ ಎರಡನೆಯದು, ಮೂರನೆಯದು. ಮೊದಲನೆಯದು ಇನ್ನೂ ತೋರಿರಲಿಲ್ಲ. ಕಂದು ಬೆನ್ನು, ಬೆನ್ನ ನಡುವೆ ಸಾಲು ಎಲುಬು, ಮೂತಿಯ ಕೆಳಗೆ ನಾಲ್ಕು ಮೀಸೆ. ಯಾವ ಆತುರವೂ ಇಲ್ಲದೆ ಅದು ತೂತಿನ ಕೆಳಗೆ ಬಂದು ಮರದ ಮೀನನ್ನು ಮೂಸುತ್ತ ನಿಂತಿತು. ಐದು ತಟ್ಟೆ ಮುಚ್ಚಿತ್ತು. ಅಂಥದ್ದನ್ನು ಲಿಯಾಂಡರ್ ಕನಸಿನಲ್ಲೂ ಕಂಡಿರಲಾರ.

"ನಾರ್ಬ್," ಎಂದಳು ಪಿಸುದನಿಯಲ್ಲಿ. "ನಾರ್ಬ್, ಮೀನು."

ಅವನು ಅಲುಗಲಿಲ್ಲ. ಮೊಣಕೈಯಿಂದ ತಿವಿದಳು. ತಲೆ ಎದೆಯ ಮೇಲೆ ಹೊರಳಿತು, ಬಾಯಿಂದ ಗೊರಗೊರ ಸದ್ದು ಬಂತು. ದಾರ ಅವನ ಬೆರಳಿಂದ ಜಾರಿತ್ತು.

"ನಾರ್ಬ್. ಮೀನು ಬಂದಿದೆ ಕಣೋ."

ಅವಳ ಕೈ ತನ್ನಷ್ಟಕ್ಕೆ ಮೊಳೆಯ ಕಡೆ ಹೋಯಿತು. ಈಟಿ ಇಳಿಸಿಕೊಂಡಳು. ಕೆಳಗೆ ಬಿಟ್ಟರೆ ಸಾಕು, ಎಸೆಯಲೂ ಬೇಡ, ಅದರ ತೂಕಕ್ಕೇ ಹೋಗಿ ನಾಟುತ್ತದೆ. ಇವನು ಎದ್ದಾಗ ನೋಡು ಎನ್ನಬಹುದು. ಈಟಿ ಹಿಡಿದು ಅವಳು ಮೀನನ್ನೇ ನೋಡುತ್ತ ಕೂತಳು, ಒಂದು ಉಸಿರೋ ಹತ್ತು ಉಸಿರೋ ಅವಳಿಗೇ ಗೊತ್ತಿಲ್ಲ. ಆಮೇಲೆ, ಆಳದಿಂದ ಬಂದ ಹಾಗೆ, ಒಂದು ಯೋಚನೆ ಬಂತು. ಮೀನು ಅಂದರೆ ಹೆಣವಾಗಿದ್ದರೂ ಎದ್ದು ಕೂರುವ ಮನುಷ್ಯ ಇವನು. ಎರಡು ಸಲ ಅಂದೆ, ಏಳಲಿಲ್ಲ.

ಅವಳು ತಲೆಯೆತ್ತಿದಳು. ಕೊಳವೆ ನೆನಪಾಯಿತು, ಕಾಲುಚೀಲ ನೆನಪಾಯಿತು.

ಏಳಲು ಹೋದಳು, ಕಾಲುಗಳು ಅವಳವಲ್ಲ. ಬಾಗಿಲು ಒಂದು ಕೈಯಳತೆಯಲ್ಲಿತ್ತು; ನೀರಿನ ಹಬೆ ಅಂಚಿಗೆಲ್ಲ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ತಳ್ಳಿದಳು, ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೈಯಲ್ಲಿ ಈಟಿ ಇತ್ತು. ಹದಿನಾಲ್ಕು ವರ್ಷದಿಂದ ಮೀನಿಗೆಂದು ಮಸೆದಿಟ್ಟಿದ್ದ ಈಟಿಯನ್ನು ಅವಳು ಕೂತಲ್ಲಿಂದಲೇ, ಇದ್ದಬದ್ದ ಶಕ್ತಿಯೆಲ್ಲ ಹಾಕಿ, ಬಾಗಿಲಿಗೆ ಕುಕ್ಕಿದಳು. ಮೂರನೆಯ ಏಟಿಗೆ ಪ್ಲೈವುಡ್ ಸೀಳಿ ಬಾಗಿಲು ಹೊರಕ್ಕೆ ಬಿತ್ತು. ಬೆಳಕು ನುಗ್ಗಿತು. ನೀರು ಕನ್ನಡಿಯಾಯಿತು. ಬಾಲ ಒದ್ದ ಒಂದು ಸುಳಿ, ಅಷ್ಟೇ. ಅವಳು ಗಂಡನ ಕಾಲರು ಹಿಡಿದು ಎಳೆದಳು, ತಾನು ಹೊರಗೆ ಬಿದ್ದಳು, ಬಿದ್ದಲ್ಲೇ ವಾಂತಿ ಮಾಡಿದಳು, ಮತ್ತೆ ಎಳೆದಳು.

ಮಂಜಿನ ಮೇಲೆ ಸದ್ದು ದೂರ ಹೋಗುತ್ತದೆ. ಲಿಯಾಂಡರ್ ಬಾಗಿಲು ಕಿತ್ತುಕೊಂಡು ಬಂದ. "ಯಾರದು ಕುಟ್ತಿರೋದು? ಕೆರೆ ಮೀನೆಲ್ಲ ಓಡ್ಸೋಕೆ ಹೊರಟಿದ್ದೀರಾ..." ಎನ್ನುತ್ತ ಬಂದವನು ಅಣ್ಣನ ಮುಖ ಕಂಡು ಮಾತು ನುಂಗಿದ. ವಿಷಗಾಳಿಗೆ ಆ ಮುಖ ಕೆಂಪಗೆ, ಆರೋಗ್ಯವಾಗಿ, ಈಗಷ್ಟೇ ನಕ್ಕವನಂತಿತ್ತು.

ನಾರ್ಬರ್ಟನನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದು ಉಕ್ಕಿನ ಕೋಣೆಯಲ್ಲಿ ಮಲಗಿಸಿ ಒತ್ತಡದಲ್ಲಿ ಆಮ್ಲಜನಕ ಕೊಟ್ಟರು. ರೊಸೆಲ್ಲಾಳಿಗೂ ಮೂಗಿಗೆ ಮುಖವಾಡ ಕಟ್ಟಿ ಕೂರಿಸಿದರು. ಸಂಜೆ ಲಿಯಾಂಡರ್ ಬಂದು, ಟೋಪಿ ಹಿಂಡುತ್ತ ಪಕ್ಕದಲ್ಲಿ ಕೂತ. ಜೇಬಿಂದ ಬೂದು ಕಾಲುಚೀಲ ತೆಗೆದು ಅವಳ ಮಡಿಲಿಗಿಟ್ಟ.

"ಕೊಳವೆಯಲ್ಲಿತ್ತು. ನಾನು ಹಾಗೆ ಆಡ್ಕೊಂಡೆ ಅಂತ ಅಣ್ಣ ತುರುಕಿದಾನೆ ಅತ್ತಿಗೆ. ನನ್ನ ನಾಲಿಗೆಗೆ ಬೆಂಕಿ ಬೀಳ." ಅವನು ಅತ್ತ. ರೊಸೆಲ್ಲಾ ಬಾಯಿ ತೆರೆದಳು, ಮುಖವಾಡದೊಳಗೆ ಹಬೆಯಷ್ಟೇ ಕಟ್ಟಿತು. ಕಾಲುಚೀಲವನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ಭಾನುವಾರ ಬೆಳಗ್ಗೆ ನಾರ್ಬರ್ಟ್ ಕಣ್ಣು ಬಿಟ್ಟ. ಬದುಕಿದ. ಒಳಗೆ ಬಿಟ್ಟಾಗ ಅವಳು ಅವನ ಅಂಗೈಯನ್ನು ಕೆನ್ನೆಗೊತ್ತಿಕೊಂಡಳು. ಅವನು ಮೊದಲು ಕೇಳಿದ್ದು, "ಏನಾದ್ರೂ ಬಂತಾ?"

ಅವಳು ಉತ್ತರಿಸುವ ಮೊದಲೇ ಅವನೇ ಮುಂದುವರಿಸಿದ. "ಕೊಳವೆಗೆ ಏನೋ ತುರುಕಿದ್ದೆ ಅಂತ ನರ್ಸು ಹೇಳಿದ್ಲು. ನಂಗೆ ನೆನಪೇ ಇಲ್ಲ. ನಿನ್ನ ಕೊಂದೇಬಿಡ್ತಿದ್ದೆನಲ್ಲೇ. ಕ್ಷಮಿಸು."

ಅವಳಿಗೆ ತಡೆಯಲಾಗಲಿಲ್ಲ. ಕಾಲುಚೀಲ ತೆಗೆದು ತೋರಿಸಿದಳು. ತುರುಕಿದ್ದು ನಾನು ಎಂದಳು. ಮೀನು ಬಂದಿತ್ತು, ಐದು ತಟ್ಟೆ ಮುಚ್ಚಿತ್ತು, ಈಟಿ ಕೈಗೆತ್ತಿಕೊಂಡು ನಾನು ಅದನ್ನೇ ನೋಡುತ್ತ ಕೂತಿದ್ದೆ, ಎಷ್ಟು ಹೊತ್ತೋ ಗೊತ್ತಿಲ್ಲ ಎಂದಳು. ಒಂದನ್ನೂ ಮುಚ್ಚಿಡಲಿಲ್ಲ. ನಾರ್ಬರ್ಟ್ ಚಾವಣಿ ನೋಡಿದ. ಕಣ್ಣಂಚಿಂದ ನೀರು ಇಳಿದು ಕಿವಿಗೆ ಹೋಯಿತು.

"ನಂಗೋಸ್ಕರ ತಾನೆ ತುರುಕಿದ್ದು," ಎಂದ. ಆಮೇಲೆ, "ಐದು ತಟ್ಟೆನಾ?" ಎಂದು ಕೇಳಿ ಅವಳ ಕೈ ಹಿಸುಕಿದ. ಆ ರಾತ್ರಿ ಅವಳು ಕುರ್ಚಿಯಲ್ಲೇ ಕಲ್ಲಿನಂತೆ ನಿದ್ದೆ ಹೋದಳು.

ಸೋಮವಾರ ಬೆಳಗ್ಗೆ ಅವನು ಕಣ್ಣು ಬಿಟ್ಟು ಕೇಳಿದ, "ಏನಾದ್ರೂ ಬಂತಾ?"

ತಮಾಷೆ ಎಂದುಕೊಂಡಳು. "ಕೊಳವೆಗೆ ಏನೋ ತುರುಕಿದ್ನಂತೆ ನಾನು," ಎಂದ ಅವನು. "ಕ್ಷಮಿಸೇ ರೊಸೆಲ್ಲಾ." ನಿನ್ನೆಯದು ಒಂದಕ್ಷರವೂ ಉಳಿದಿರಲಿಲ್ಲ. ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದರು: ಹಳೆಯದೆಲ್ಲ ಇದೆ, ಎಚ್ಚರವಾದಾಗ ನರ್ಸು ಮೊದಲು ಹೇಳಿದ್ದೊಂದು ಹೇಗೋ ಅಂಟಿಕೊಂಡಿದೆ, ಆಮೇಲಿನ ಹೊಸದು ನಿಲ್ಲುತ್ತಿಲ್ಲ, ತಿಂಗಳೊಪ್ಪತ್ತಿನಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಅವಳು ಒಳಗೆ ಬಂದು ಮತ್ತೆ ಎಲ್ಲ ಹೇಳಿದಳು. ಕಾಲುಚೀಲ, ಮೀನು, ಐದು ತಟ್ಟೆ, ಈಟಿ. ನಿನ್ನೆ ಸಿಕ್ಕಿದ್ದೇ ಇವತ್ತೂ ಸಿಗುತ್ತದೆ ಎಂದುಕೊಂಡಿದ್ದಳು.

ಅವನ ಮುಖ ಬಿಗಿಯಿತು. "ಈಟಿ ಕೈಯಲ್ಲಿತ್ತು," ಎಂದ. "ಬಿಟ್ಟಿದ್ರೆ ಸಾಕಿತ್ತು. ಹದಿನಾಲ್ಕು ವರ್ಷ ಕಣೇ." ಗೋಡೆಯ ಕಡೆ ಹೊರಳಿದ. ಸಂಜೆಯವರೆಗೆ ಊಟ ಮುಟ್ಟಲಿಲ್ಲ. ಅವಳು ಅವನ ಬೆನ್ನು ನೋಡುತ್ತ ಕೂತಳು. ನಾಳೆ ಬೆಳಗ್ಗೆ ಈ ಸಿಟ್ಟೂ ಇರುವುದಿಲ್ಲ, ನಿನ್ನೆಯ ಕ್ಷಮೆಯೂ ಇಲ್ಲ. ಮತ್ತೆ ಮೊದಲಿಂದ.

ಮಂಗಳವಾರ ಹಿಮ ಬೀಳುತ್ತಿತ್ತು. ಅವನು ಎಚ್ಚರವಾಗುವ ಮೊದಲೇ ಅವಳು ಮುಖ ತೊಳೆದು ಬಂದು ಕೂತಿದ್ದಳು. ಕೈ ಜೇಬಿನಲ್ಲಿತ್ತು, ಬೆರಳು ಉಣ್ಣೆಯನ್ನು ಹಿಸುಕುತ್ತಿತ್ತು. ಅವನು ಕಣ್ಣು ಬಿಟ್ಟ, ಅವಳನ್ನು ಕಂಡು ಮುಖ ಅರಳಿಸಿದ.

"ಕೊಳವೆಗೆ ನಾನು ಏನೋ ತುರುಕಿದ್ನಂತೆ ಕಣೇ. ನಿನ್ನ ಮಾತು ಕೇಳ್ಬೇಕಿತ್ತು. ಕ್ಷಮಿಸು."

"ಆಯ್ತು ಬಿಡು," ಎಂದಳು ರೊಸೆಲ್ಲಾ.

"ಏನಾದ್ರೂ ಬಂತಾ?"

ಅವಳು ಕಿಟಕಿಯ ಕಡೆ ನೋಡಿದಳು.

"ಏನೂ ಬರಲಿಲ್ಲ."

ಹೊದಿಕೆಯ ಕೆಳಗೆ ಅವನ ಹೆಗಲು ಇಳಿಯಿತು. "ಮುಂದಿನ ವರ್ಷ ನೋಡೋಣ," ಎಂದ. ಅವಳು ಎದ್ದು ಹೋಗಿ ಅವನಿಗೆ ಕಾಫಿ ತಂದಳು.